ಕ್ಷಣ ಮಾತ್ರದ ಕ್ಯಾಲ್ಸಿಯಂ

ಅರವತ್ತು ದಾಟಿದವರ ಔಷಧ ಚೀಟಿಯಲ್ಲಿ ಈಗ ಮಾಮೂಲಾಗಿ ಕಾಣುವ ಜೋಡಿಯೊಂದಿದೆ. ಮೇಲಿನ ಸಾಲಿನಲ್ಲಿ ಬಿಪಿಗೆ ಆಮ್ಲೋಡಿಪಿನ್, ಕೆಳಗಿನ ಸಾಲಿನಲ್ಲಿ ಮೂಳೆಗೆ ಕ್ಯಾಲ್ಸಿಯಂ. ಮೊದಲನೆಯದು ‘ಕ್ಯಾಲ್ಸಿಯಂ ಚಾನೆಲ್ ಬ್ಲಾಕರ್’ ಎಂದು ಮೊಬೈಲಿನಲ್ಲಿ ನೋಡಿ ತಿಳಿದ ಮಗನೋ ಮೊಮ್ಮಗಳೋ ಔಷಧ ಅಂಗಡಿಯ ಕಟ್ಟೆಗೆ ಕೈಯೂರಿ ಕೇಳುತ್ತಾರೆ: ಒಂದು ಮಾತ್ರೆ ಕ್ಯಾಲ್ಸಿಯಂ ಕೊಡುತ್ತೆ, ಇನ್ನೊಂದು ಅದನ್ನೇ ತಡೆಯುತ್ತೆ, ಇದೇನು ಲೆಕ್ಕ? ಹಾಗಾದರೆ ಅಪ್ಪ ರಾಗಿ ಮುದ್ದೆ, ಹಾಲು ಬಿಡಬೇಕಾ? ಅಂಗಡಿಯವರು ‘ಏನೂ ಆಗಲ್ಲ, ತಗೊಳ್ಳಿ’ ಎನ್ನುತ್ತಾರೆ. ಉತ್ತರ ಸರಿಯೇ, ಆದರೆ ಕಾರಣ ಯಾರೂ ಹೇಳುವುದಿಲ್ಲ. ಆ ಕಾರಣವನ್ನು ಕಂಡುಕೊಳ್ಳುವುದಕ್ಕೆ ಶರೀರವಿಜ್ಞಾನಕ್ಕೆ ನೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು.

ವಯಸ್ಕ ಮನುಷ್ಯನ ಮೈಯಲ್ಲಿ ಸುಮಾರು ಒಂದು ಕಿಲೋ ಕ್ಯಾಲ್ಸಿಯಂ ಇದೆ. ಅದರಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಪಾಲು ಮೂಳೆ ಮತ್ತು ಹಲ್ಲಿನಲ್ಲಿ. ನೂರು ಗ್ರಾಂ ರಾಗಿಯಲ್ಲಿರುವ ಸುಮಾರು 350 ಮಿಲಿಗ್ರಾಂ, ಹಾಲು, ಸೊಪ್ಪು, ಮಾತ್ರೆ ಎಲ್ಲವೂ ಈ ದೊಡ್ಡ ಖಾತೆಗೆ ಸೇರುವ ಜಮೆ. ಉಳಿದ ಒಂದು ಪಾಲಿನದು ಬೇರೆಯೇ ಕಥೆ. ರಕ್ತದಲ್ಲೂ ಕೋಶಗಳ ಹೊರಗಿನ ದ್ರವದಲ್ಲೂ ಬಿಡಿ ಅಯಾನುಗಳಾಗಿ ತಿರುಗುವ ಕ್ಯಾಲ್ಸಿಯಂ ಲೀಟರಿಗೆ ಒಂದು ಮಿಲಿಮೋಲ್‌ಗಿಂತ ತುಸು ಹೆಚ್ಚು. ಜೀವಕೋಶದ ಒಳರಸದಲ್ಲಿ, ಅದು ವಿಶ್ರಾಂತಿಯಲ್ಲಿರುವಾಗ, ಅದರ ಹತ್ತು ಸಾವಿರದಲ್ಲೊಂದು ಪಾಲು ಮಾತ್ರ. ನಡುವೆ ಇರುವುದು ಕೆಲವೇ ನ್ಯಾನೋಮೀಟರ್ ದಪ್ಪದ ಪೊರೆ. ಸೋಡಿಯಂ, ಪೊಟ್ಯಾಸಿಯಂ ಯಾವುದಕ್ಕೂ ಇಷ್ಟು ಕಡಿದಾದ ವ್ಯತ್ಯಾಸವಿಲ್ಲ.

ಕೋಶಕ್ಕೆ ಕ್ಯಾಲ್ಸಿಯಂ ಮೇಲೆ ಈ ಹಗೆ ಯಾಕೆ? ಜೀವದ ಶಕ್ತಿ ವ್ಯವಹಾರವೆಲ್ಲ ಫಾಸ್ಫೇಟಿನಲ್ಲಿ ನಡೆಯುತ್ತದೆ. ಎಟಿಪಿ ಎಂಬ ಇಂಧನದ ಅಣುವಿನಲ್ಲಿರುವುದೂ ಫಾಸ್ಫೇಟೇ. ಕ್ಯಾಲ್ಸಿಯಮ್ಮಿಗೂ ಫಾಸ್ಫೇಟಿಗೂ ಗಂಟು ಬಿದ್ದರೆ ಕರಗದ ಗಸಿ. ಮೂಳೆಯೇ ಅದು. ಆದ್ದರಿಂದ ಪ್ರತಿಯೊಂದು ಕೋಶವೂ ಹಗಲಿರುಳು ಎಟಿಪಿ ಖರ್ಚು ಮಾಡಿ ಕ್ಯಾಲ್ಸಿಯಮ್ಮನ್ನು ಹೊರಗೆ ದಬ್ಬುತ್ತದೆ, ಇಲ್ಲವೇ ಒಳಗಿನ ಜಾಲಪೊರೆಯ ಚೀಲಗಳಿಗೆ ತುಂಬುತ್ತದೆ. ಹೀಗೆ ತುಂಬುವ ಸರ್ಕಾ ಎಂಬ ಪಂಪು ಒಂದು ಎಟಿಪಿಗೆ ಎರಡು ಕ್ಯಾಲ್ಸಿಯಂ ಅಯಾನುಗಳನ್ನು ಸಾಗಿಸುತ್ತದೆ. ಜಪಾನಿನ ಚಿಕಾಶಿ ತೊಯೊಶಿಮಾ 2000ರಲ್ಲಿ ಅದರ ಅಣುರಚನೆಯನ್ನು ಬಿಡಿಸಿ ತೋರಿಸಿದರು. ಬದುಕುಳಿಯಲೆಂದು ಹುಟ್ಟಿದ ಈ ದಬ್ಬಾಟವನ್ನೇ ವಿಕಾಸ ಲಾಭಕ್ಕೆ ತಿರುಗಿಸಿಕೊಂಡಿತು. ಒಳಗೆ ಬಹುತೇಕ ಇಲ್ಲವೇ ಇಲ್ಲ ಎನ್ನುವಂಥ ವಸ್ತು ಕ್ಷಣಕಾಲ ಹತ್ತು ಪಟ್ಟಾದರೆ, ಅದನ್ನು ಗುರುತಿಸುವುದು ಸುಲಭ. ಬಾಗಿಲು ತೆರೆದರೆ ಸಾಕು, ನುಗ್ಗಿ ಬರುತ್ತದೆ. ಮುಚ್ಚಿದರೆ ಪಂಪು ಗುಡಿಸಿ ಹಾಕುತ್ತದೆ. ಸ್ನಾಯು ಕುಗ್ಗುವುದು, ನರದ ತುದಿಯಿಂದ ರಾಸಾಯನಿಕ ಚಿಮ್ಮುವುದು, ಇನ್ಸುಲಿನ್ ಸ್ರವಿಸುವುದು, ಅಂಡವು ಭ್ರೂಣದ ಹಾದಿ ಹಿಡಿಯುವುದು, ಕಡೆಗೆ ಕೋಶ ತಾನಾಗಿ ಸಾಯುವುದು, ಎಲ್ಲದಕ್ಕೂ ಅಪ್ಪಣೆ ಹೊರಡುವುದು ಈ ಕ್ಷಣಿಕ ಏರಿಕೆಯಿಂದ.

ಮೊದಲ ಸುಳಿವು ಸಿಕ್ಕಿದ್ದು ನಲ್ಲಿ ನೀರಿನಲ್ಲಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ವೈದ್ಯರಾಗಿದ್ದ ಸಿಡ್ನಿ ರಿಂಗರ್ ಬಿಡುವಿನಲ್ಲಿ ಕಪ್ಪೆಯ ಹೃದಯವನ್ನು ಉಪ್ಪುನೀರಿನಲ್ಲಿಟ್ಟು ಬಡಿತ ಅಳೆಯುತ್ತಿದ್ದರು. ಬರೀ ಸೋಡಿಯಂ ಕ್ಲೋರೈಡಿನ ದ್ರಾವಣದಲ್ಲಿ ಹೃದಯ ಚೆನ್ನಾಗಿಯೇ ಬಡಿಯುತ್ತದೆ ಎಂದು 1882ರಲ್ಲಿ ಬರೆದದ್ದೂ ಆಯಿತು. ಆಮೇಲೆ ಗೊತ್ತಾಯಿತು: ಸಹಾಯಕ ದ್ರಾವಣ ಮಾಡಿದ್ದು ಭಟ್ಟಿ ಇಳಿಸಿದ ನೀರಿನಲ್ಲಲ್ಲ, ನ್ಯೂ ರಿವರ್ ಕಂಪನಿ ಸರಬರಾಜು ಮಾಡುತ್ತಿದ್ದ ಗಡಸು ನೀರಿನಲ್ಲಿ. ಭಟ್ಟಿ ನೀರಿನಲ್ಲಿ ಮಾಡಿ ನೋಡಿದರೆ ಹೃದಯ ಸ್ವಲ್ಪ ಹೊತ್ತಿನಲ್ಲಿ ಸೋತು ನಿಂತಿತು. ಒಂದೊಂದಾಗಿ ಲವಣ ಸೇರಿಸುತ್ತ ಬಂದಾಗ ಬಡಿತ ಮರಳಿ ತಂದದ್ದು ಕ್ಯಾಲ್ಸಿಯಂ. 1883ರಲ್ಲಿ ರಿಂಗರ್ ಹಿಂದಿನ ತೀರ್ಮಾನವನ್ನು ತಾವೇ ತಿದ್ದಿ ಪ್ರಕಟಿಸಿದರು. ಇವತ್ತು ನಮ್ಮ ಯಾವ ಆಸ್ಪತ್ರೆಗೆ ಹೋದರೂ ಸ್ಟ್ಯಾಂಡಿನಲ್ಲಿ ನೇತಾಡುವ ‘ಆರ್‌ಎಲ್’ ಬಾಟಲಿಯ ಮೊದಲ ಅಕ್ಷರ ಅವರ ಹೆಸರಿನದು.

ರಿಂಗರ್ ಕಂಡದ್ದು ಹೊರಗಿನ ಕ್ಯಾಲ್ಸಿಯಮ್ಮಿನ ಅಗತ್ಯವನ್ನು. ಒಳಗೆ ಅದು ಆಳುತ್ತದೆ ಎಂಬ ಮಾತಿಗೆ ಇನ್ನೂ ಅರವತ್ತು ವರ್ಷ ಬೇಕಾಯಿತು. ಅಮೆರಿಕದ ಎಲ್.ವಿ. ಹೈಲ್‌ಬ್ರನ್ ಮತ್ತು ಅವರ ವಿದ್ಯಾರ್ಥಿ ಫ್ಲಾಯ್ಡ್ ವೀರ್ಸಿನ್ಸ್ಕಿ 1947ರಲ್ಲಿ ಸ್ನಾಯುತಂತುವಿನೊಳಗೆ ಬಗೆಬಗೆಯ ಲವಣಗಳನ್ನು ಚುಚ್ಚಿ ನೋಡಿದರು; ಅಲ್ಪ ಪ್ರಮಾಣದಲ್ಲೇ ತಂತು ಕುಗ್ಗಿದ್ದು ಕ್ಯಾಲ್ಸಿಯಮ್ಮಿಗೆ. ಆಗಿನ ಜೀವರಸಾಯನ ಪಂಡಿತರು ಮೂಗು ಮುರಿದರು. ಎಟಿಪಿಯ ಕಾಲ ಅದು. ಸುಣ್ಣದಂಥ ಒಂದು ಸರಳ ಅಯಾನು ಸ್ನಾಯುವನ್ನು ಆಳುತ್ತದೆ ಎಂದರೆ ಯಾರು ಒಪ್ಪುತ್ತಾರೆ? ಟೋಕಿಯೋದ ಸೆತ್ಸುರೊ ಎಬಾಶಿ ಹಟ ಬಿಡಲಿಲ್ಲ. ಸ್ನಾಯುವಿನ ಒಳಚೀಲಗಳು ಎಟಿಪಿ ಖರ್ಚು ಮಾಡಿ ಕ್ಯಾಲ್ಸಿಯಂ ಹೀರಿಕೊಳ್ಳುತ್ತವೆ, ಹಾಗಾಗಿಯೇ ಸ್ನಾಯು ಸಡಿಲಾಗುತ್ತದೆ ಎಂದು ತೋರಿಸಿದರು. ಜರ್ಮನಿಯ ವಿಲ್‌ಹೆಲ್ಮ್ ಹಾಸೆಲ್‌ಬಾಖ್ ಕೂಡ ಅದೇ ಹೊತ್ತಿಗೆ ಅದೇ ಜಾಗಕ್ಕೆ ಬಂದಿದ್ದರು. 1960ರ ದಶಕದ ಮಧ್ಯದಲ್ಲಿ ಎಬಾಶಿ ಕ್ಯಾಲ್ಸಿಯಂ ಹಿಡಿಯುವ ಪ್ರೋಟೀನನ್ನೂ ಪತ್ತೆ ಹಚ್ಚಿದರು. ಅದರ ಹೆಸರು ಟ್ರೊಪೋನಿನ್. ಎದೆನೋವಿನಿಂದ ಆಸ್ಪತ್ರೆಗೆ ಹೋದವರ ರಕ್ತದಲ್ಲಿ ಇಂದು ‘ಟ್ರೋಪ್’ ಎಂದು ಪರೀಕ್ಷಿಸುವುದು ಇದನ್ನೇ. ಹೃದಯದ ಕೋಶ ಒಡೆದರೆ ಅದು ರಕ್ತಕ್ಕೆ ಸೋರುತ್ತದೆ. ಎಬಾಶಿಗೆ ನೊಬೆಲ್ ಬರಲಿಲ್ಲ. ಬರಬೇಕಿತ್ತು.

ಮುಂದಿನ ತೊಡಕು ನೋಡುವುದರದ್ದು. ಸೆಕೆಂಡಿನ ಸಣ್ಣ ತುಣುಕಿನಲ್ಲಿ ಬಂದು ಹೋಗುವ, ಅಷ್ಟು ಕಡಿಮೆಯಿರುವ ವಸ್ತುವನ್ನು ಜೀವಂತ ಕೋಶದಲ್ಲಿ ಅಳೆಯುವುದು ಹೇಗೆ? 1961ರ ಬೇಸಿಗೆಯಲ್ಲಿ ಒಸಾಮು ಶಿಮೊಮುರಾ ಅಮೆರಿಕದ ವಾಷಿಂಗ್ಟನ್ ರಾಜ್ಯದ ಫ್ರೈಡೇ ಹಾರ್ಬರಿನಲ್ಲಿ ಸಾವಿರಾರು ಜೆಲ್ಲಿ ಮೀನುಗಳನ್ನು ಹಿಡಿದು, ಅವುಗಳ ಅಂಚು ಕತ್ತರಿಸಿ, ಬೆಳಕು ಚೆಲ್ಲುವ ವಸ್ತುವನ್ನು ಹಿಂಡಿ ತೆಗೆಯುವ ಪ್ರಯತ್ನದಲ್ಲಿದ್ದರು. ಒಂದು ದಿನ ಉಳಿಕೆ ರಸವನ್ನು ತೊಟ್ಟಿಗೆ ಸುರಿದಾಗ ಒಳಗಿನಿಂದ ನೀಲಿ ಬೆಳಕು ಫಳ್ಳೆಂದಿತು. ಪಕ್ಕದ ಮೀನುತೊಟ್ಟಿಯಿಂದ ಸಮುದ್ರದ ನೀರು ಅಲ್ಲಿಗೆ ಹರಿದು ಬರುತ್ತಿತ್ತು. ಬೆಳಕು ಹೊತ್ತಿಸಿದ್ದು ಆ ನೀರಿನ ಕ್ಯಾಲ್ಸಿಯಂ. ಅಲ್ಲಿ ಸಿಕ್ಕ ಈಕ್ವೊರಿನ್ ಎಂಬ ಪ್ರೋಟೀನನ್ನು 1970ರ ದಶಕದಲ್ಲಿ ಮೆಡಾಕಾ ಮೀನಿನ ಅಂಡಕ್ಕೆ ಚುಚ್ಚಿ ನೋಡಿದವರು, ವೀರ್ಯಾಣು ಒಳಹೊಕ್ಕ ಬಿಂದುವಿನಿಂದ ಹೊರಟ ಬೆಳಕಿನ ಅಲೆ ಇಡೀ ಅಂಡವನ್ನು ದಾಟಿ ಎದುರು ತುದಿಗೆ ಹೋಗುವುದನ್ನು ಕಂಡರು. ಆಮೇಲೆ ರಾಜರ್ ಚೆನ್ ಬಣ್ಣಗಳನ್ನೇ ಕಟ್ಟಿದರು. 1985ರ ಫ್ಯೂರಾ-2 ಎಂಬ ಬಣ್ಣ ಕ್ಯಾಲ್ಸಿಯಂ ಹಿಡಿದಾಗೊಂದು ಬಗೆ, ಬಿಟ್ಟಾಗೊಂದು ಬಗೆ ಹೊಳೆಯುತ್ತದೆ. ಕೋಶಪೊರೆಯೊಳಗೆ ತಾನಾಗಿ ತೂರುವಂತೆ ಅದನ್ನು ರೂಪಿಸಿದ್ದರಿಂದ ಸೂಜಿಯ ಹಂಗೂ ತಪ್ಪಿತು. ಶಿಮೊಮುರಾ, ಚೆನ್ ಇಬ್ಬರೂ ಮಾರ್ಟಿನ್ ಚಾಲ್ಫಿಯವರೊಂದಿಗೆ 2008ರ ನೊಬೆಲ್ ಹಂಚಿಕೊಂಡರು. ಅದು ಕ್ಯಾಲ್ಸಿಯಮ್ಮಿಗಾಗಿ ಅಲ್ಲ, ಅದೇ ಜೆಲ್ಲಿ ಮೀನಿನ ಹಸಿರು ಪ್ರೋಟೀನಿಗಾಗಿ.

ನೋಡುವ ಕಣ್ಣು ಬಂದ ಮೇಲೆ ಅಚ್ಚರಿಗಳು ಸಾಲುಗಟ್ಟಿದವು. ಹೊರಗಿನ ಕ್ಯಾಲ್ಸಿಯಂ ತೆಗೆದುಹಾಕಿದರೂ ಹಾರ್ಮೋನು ತಾಗಿದ ಕೋಶದೊಳಗೆ ಏರಿಕೆ ಆಗುತ್ತಿತ್ತು. ಅಂದರೆ ಒಳಚೀಲದ ಬಾಗಿಲನ್ನು ಯಾರೋ ತೆರೆಯುತ್ತಿದ್ದಾರೆ. ಕೇಂಬ್ರಿಡ್ಜಿನ ಮೈಕೆಲ್ ಬೆರಿಡ್ಜ್ ಮಾಂಸನೊಣದ ಜೊಲ್ಲುಗ್ರಂಥಿಯ ಮೇಲೆ ವರ್ಷಗಟ್ಟಲೆ ದುಡಿದು, ಪೊರೆಯ ಕೊಬ್ಬೊಂದು ಸೀಳಿ ಬರುವ ಐಪಿ3 ಎಂಬ ಪುಟ್ಟ ಅಣುವಿನ ಬೆನ್ನು ಹತ್ತಿದ್ದರು. ಫ್ರಾಂಕ್‌ಫರ್ಟಿನ ಐರೀನ್ ಶುಲ್ಟ್ಸ್ ಅವರ ತಂಡದ ಜೊತೆ 1983ರಲ್ಲಿ ಅದನ್ನು ರುಜುವಾತು ಮಾಡಿದರು: ಮೇದೋಜೀರಕದ ಕೋಶಗಳ ಪೊರೆಯನ್ನು ಸೋರುವಂತೆ ಮಾಡಿ ಐಪಿ3 ಹಾಕಿದರೆ ಒಳಚೀಲ ಬಾಯಿ ಬಿಡುತ್ತದೆ. 

1986ರಲ್ಲಿ ಲಿವರ್‌ಪೂಲಿನ ತಂಡ ಇನ್ನೊಂದು ಸಂಗತಿ ತೋರಿಸಿತು. ಯಕೃತ್ತಿನ ಒಂಟಿ ಕೋಶಕ್ಕೆ ಹಾರ್ಮೋನು ಕೊಟ್ಟರೆ ಕ್ಯಾಲ್ಸಿಯಂ ಏರಿ ಅಲ್ಲೇ ನಿಲ್ಲುವುದಿಲ್ಲ. ಏರುತ್ತದೆ, ಇಳಿಯುತ್ತದೆ, ಮತ್ತೆ ಏರುತ್ತದೆ. ಹಾರ್ಮೋನು ಹೆಚ್ಚು ಮಾಡಿದರೆ ಏರಿಕೆಯ ಎತ್ತರ ಹೆಚ್ಚುವುದಿಲ್ಲ, ಮಿಡಿತಗಳು ಹತ್ತಿರ ಹತ್ತಿರ ಬರುತ್ತವೆ. ನಮ್ಮ ಬಸ್ ಕಂಡಕ್ಟರರ ಸೀಟಿಯ ಹಾಗೆ: ಒಂದು ಊದಿದರೆ ನಿಲ್ಲು, ಎರಡು ಊದಿದರೆ ಹೊರಡು, ಸೀಟಿ ಮಾತ್ರ ಅದೇ. ಕ್ಯಾಲ್ಮಾಡ್ಯುಲಿನ್ ಎಂಬ ಪ್ರೋಟೀನು ನಾಲ್ಕು ಕ್ಯಾಲ್ಸಿಯಂ ಹಿಡಿದು ಆಕಾರ ಬದಲಿಸಿ ಹತ್ತಾರು ಕಿಣ್ವಗಳನ್ನು ಚಾಲೂ ಮಾಡುತ್ತದೆ. ಅವುಗಳಲ್ಲೊಂದು, ನೆನಪಿನ ಕೆಲಸಕ್ಕೆ ಬೇಕಾದ ಕ್ಯಾಮ್‌ಕೈನೇಸ್-2, ಮಿಡಿತಗಳು ಬೇಗಬೇಗ ಬಂದಾಗ ಮಾತ್ರ ‘ಆನ್’ ಆಗಿ ಉಳಿಯುತ್ತದೆ. ಎಷ್ಟು ಎನ್ನುವುದಕ್ಕಿಂತ ಎಲ್ಲಿ, ಯಾವಾಗ, ಎಷ್ಟು ಹೊತ್ತು ಎನ್ನುವುದೇ ಇಲ್ಲಿ ಅರ್ಥ. ಈ ವಿಷಯದ ಇಡೀ ಸಾಹಿತ್ಯವನ್ನು ಓದಿದ ಮೇಲೆ ನನಗೆ ಉಳಿದ ಒಂದೇ ಮಾತು ಇದು. ರೋಗಗಳ ಮಾತಿಗೆ ಬಂದಾಗ, ಔಷಧಗಳ ಗೆಲುವು ಸೋಲುಗಳಿಗೂ ಇದೇ ಅಳತೆಗೋಲು.

ಒಳಚೀಲ ಬರಿದಾದರೆ ಹೊರಗಿನ ಬಾಗಿಲು ತೆರೆದು ಮರುಭರ್ತಿ ಆಗಲೇಬೇಕು. ಅದನ್ನು ಮಾಡುವ ಸ್ಟಿಮ್ ಎಂಬ ಪ್ರೋಟೀನು 2005ರಲ್ಲೂ, ಒರಾಯ್ ಎಂಬ ಬಾಗಿಲು 2006ರಲ್ಲೂ ಪತ್ತೆಯಾದವು. ಒರಾಯ್ ಸಿಕ್ಕ ದಾರಿ ನೋವಿನದು: ಹುಟ್ಟಿನಿಂದಲೇ ರೋಗನಿರೋಧಕ ಶಕ್ತಿಯಿಲ್ಲದ ಮಕ್ಕಳಿದ್ದ ಕುಟುಂಬವೊಂದರ ವಂಶವಾಹಿಗಳನ್ನು ಜಾಲಾಡಿದಾಗ ಒಂದೇ ಅಕ್ಷರದ ತಪ್ಪು ಕಂಡಿತು. ಆ ತಪ್ಪಿನಿಂದ, ಸೋಂಕಿನ ವಿರುದ್ಧ ಹೋರಾಡುವ ಟಿ-ಕೋಶಕ್ಕೆ ಕ್ಯಾಲ್ಸಿಯಂ ಬರುವುದಿಲ್ಲ, ಸೋಂಕು ಬಂದರೂ ಅದು ಏಳುವುದಿಲ್ಲ. ನರಕೋಶಗಳಿಗೂ ಈ ಮರುಭರ್ತಿ ಬೇಕು ಎಂಬುದಕ್ಕೆ ಬೆಂಗಳೂರಿನಲ್ಲಿ ಒಳ್ಳೆಯ ಪುರಾವೆ ಸಿಕ್ಕಿದೆ. ಜಿಕೆವಿಕೆ ಆವರಣದ ಎನ್‌ಸಿಬಿಎಸ್‌ನಲ್ಲಿ ಗೈತಿ ಹಸನ್ ಅವರ ಪ್ರಯೋಗಾಲಯ ಹಣ್ಣಿನ ನೊಣದಲ್ಲಿ ಐಪಿ3 ಗ್ರಾಹಕದ, ಅಂದರೆ ಐಪಿ3 ತಾಗಿದಾಗ ತೆರೆಯುವ ಒಳಚೀಲದ ಬಾಗಿಲಿನ, ಜೀನು ಕೆಡಿಸಿ ನೋಡಿತು. ನೊಣ ಹುಟ್ಟುತ್ತದೆ, ನಡೆಯುತ್ತದೆ, ಆದರೆ ಹಾರುವುದಿಲ್ಲ. ತಪ್ಪು ರೆಕ್ಕೆಯ ಸ್ನಾಯುವಿನಲ್ಲಿರಬೇಕೆಂದು ಯಾರಾದರೂ ಊಹಿಸುತ್ತಾರೆ. ಆದರೆ ಆಯ್ದ ಕೆಲವು ನರಕೋಶಗಳಿಗೆ ಮಾತ್ರ ಸರಿಯಾದ ಜೀನು ಕೊಟ್ಟರೂ ಹಾರಾಟ ಮರಳುತ್ತದೆ. ಸ್ಟಿಮ್ ಮತ್ತು ಒರಾಯ್ ಕೂಡ ಇದೇ ಹಾರಾಟಕ್ಕೆ ಬೇಕೆಂದು 2009ರಲ್ಲಿ ಅವರು ಪ್ರಕಟಿಸಿದರು. ನೊಣದ ಮಾತು ನೊಣಕ್ಕೇ ಮುಗಿಯುವುದಿಲ್ಲ. ಮನುಷ್ಯರಲ್ಲಿ ಐಪಿ3 ಗ್ರಾಹಕದ ಜೀನಿನ ಒಂದು ಪ್ರತಿ ಕಳೆದುಹೋದರೆ ಕಿರುಮೆದುಳು ಸವೆದು, ನಡಿಗೆ ತೂರಾಡುವ ವಂಶಪಾರಂಪರ್ಯ ಕಾಯಿಲೆ ಬರುತ್ತದೆ.

ಗಿಡಗಳ ಮಾತನ್ನು ಇಲ್ಲಿ ಬೇಗ ಮುಗಿಸುತ್ತೇನೆ, ಅದು ಬೇರೆಯೇ ಲೇಖನದ ವಸ್ತು. ಮುಟ್ಟಿದರೆ ಮುನಿ ಎಲೆ ಮಡಚುವ ಮೊದಲು ಅದರೊಳಗೆ ಕ್ಯಾಲ್ಸಿಯಂ ಅಲೆ ಓಡುವುದನ್ನು 2022ರಲ್ಲಿ ಜಪಾನಿನವರು ಚಿತ್ರೀಕರಿಸಿದ್ದಾರೆ. ದ್ವಿದಳ ಗಿಡದ ಬೇರಿನ ರೋಮ ರೈಜೋಬಿಯಂ ಬ್ಯಾಕ್ಟೀರಿಯಾವನ್ನು ಗುರುತಿಸಿದಾಗ ಕೋಶಕೇಂದ್ರದಲ್ಲಿ ಕ್ಯಾಲ್ಸಿಯಂ ಮಿಡಿಯುತ್ತದೆ, ಆಮೇಲೇ ಗಂಟು ಕಟ್ಟುವುದು.

ಇನ್ನು ರೋಗಗಳು. ಮೊದಲು ಹೊರಗಿನ ಕ್ಯಾಲ್ಸಿಯಂ ಕುಸಿದಾಗ ಏನಾಗುತ್ತದೆ ನೋಡೋಣ, ಏಕೆಂದರೆ ಹಳ್ಳಿಯ ಹೈನುಗಾರರು ಇದನ್ನು ಯಾವ ಪ್ರೊಫೆಸರಿಗಿಂತ ಹತ್ತಿರದಿಂದ ನೋಡಿದ್ದಾರೆ. ಹೆಚ್ಚು ಹಾಲು ಕೊಡುವ ಎಚ್.ಎಫ್. ಹಸು ಕರು ಹಾಕಿದ ಒಂದೆರಡು ದಿನದಲ್ಲಿ ಹಾಲುಜ್ವರಕ್ಕೆ ಬೀಳುತ್ತದೆ. ಹಸುವಿನ ಒಟ್ಟು ರಕ್ತರಸದಲ್ಲಿ ಇರುವುದೇ ಸುಮಾರು ಮೂರು ಗ್ರಾಂ ಕ್ಯಾಲ್ಸಿಯಂ. ಹತ್ತು ಲೀಟರ್ ಗಿಣ್ಣುಹಾಲು ಇಪ್ಪತ್ತು ಗ್ರಾಮಿಗೂ ಹೆಚ್ಚನ್ನು ಕೆಚ್ಚಲಿಗೆ ಎಳೆದುಕೊಳ್ಳುತ್ತದೆ. ಮೂಳೆಯಿಂದ ಬಿಡಿಸಿಕೊಳ್ಳುವ ಹಾರ್ಮೋನು ವ್ಯವಸ್ಥೆ ಅಷ್ಟು ಬೇಗ ಚುರುಕಾಗುವುದಿಲ್ಲ. ಮೊದಲು ಮೈ ಅದುರುತ್ತದೆ, ಹಿಂಗಾಲು ತಡವರಿಸುತ್ತದೆ; ಆಮೇಲೆ ಹಸು ಮಲಗುತ್ತದೆ, ಕತ್ತನ್ನು ಪಕ್ಕೆಗೆ ಒರಗಿಸುತ್ತದೆ, ಕಿವಿ ತಣ್ಣಗೆ, ಮೂತಿ ಒಣಗಿ, ಸಗಣಿ ನಿಂತು, ಹೊಟ್ಟೆ ಉಬ್ಬುತ್ತದೆ. ನರದ ತುದಿಗೆ ಕ್ಯಾಲ್ಸಿಯಂ ನುಗ್ಗಿದರೆ ತಾನೇ ಅಲ್ಲಿಂದ ಅಸಿಟೈಲ್‌ಕೋಲಿನ್ ಚಿಮ್ಮುವುದು, ಸ್ನಾಯು ಕುಗ್ಗುವುದು? ಬರ್ನಾರ್ಡ್ ಕಾಟ್ಸ್ ಲಂಡನ್ನಿನಲ್ಲಿ ಕಪ್ಪೆಯ ನರದಲ್ಲಿ ವರ್ಷಗಟ್ಟಲೆ ಅಳೆದು ಹೇಳಿದ್ದು ಕೊಟ್ಟಿಗೆಯಲ್ಲಿ ಕಣ್ಣೆದುರಿಗೇ ಮಲಗಿರುತ್ತದೆ. ಪಶುವೈದ್ಯರು ಬಂದು ಕ್ಯಾಲ್ಸಿಯಂ ಬೊರೊಗ್ಲುಕೊನೇಟ್ ಬಾಟಲಿಯನ್ನು ಮೈ ಬಿಸಿಯಷ್ಟು ಬೆಚ್ಚಗೆ ಮಾಡಿ, ಕತ್ತಿನ ರಕ್ತನಾಳಕ್ಕೆ ನಿಧಾನವಾಗಿ ಬಿಡುತ್ತಾರೆ. ಒಂದು ಕೈ ಬಾಟಲಿಯ ಮೇಲೆ, ಕಿವಿಯಲ್ಲಿ ಸ್ಟೆತಾಸ್ಕೋಪ್. ಅವಸರ ಮಾಡಿದರೆ ಹೃದಯ ನಿಲ್ಲುತ್ತದೆ. ಸರಿಯಾಗಿ ಹೋದರೆ ಹಸು ತೇಗುತ್ತದೆ, ಸಗಣಿ ಹಾಕುತ್ತದೆ, ಮೂತಿಯ ಮೇಲೆ ಹನಿ ಮೂಡುತ್ತದೆ, ಬಹಳ ಸಲ ಗಂಟೆಯೊಳಗೆ ಎದ್ದು ನಿಲ್ಲುತ್ತದೆ.

ಮನುಷ್ಯರಲ್ಲಿ ಇದೇ ಕೊರತೆ ಸಾಮಾನ್ಯವಾಗಿ ಉಲ್ಟಾ ಕಾಣಿಸುತ್ತದೆ. ಥೈರಾಯ್ಡ್ ಶಸ್ತ್ರಚಿಕಿತ್ಸೆಯಲ್ಲಿ ಪಕ್ಕದ ಪ್ಯಾರಾಥೈರಾಯ್ಡ್ ಗ್ರಂಥಿಗಳಿಗೆ ಪೆಟ್ಟಾದವರಿಗೆ ತುಟಿಯ ಸುತ್ತ ಜುಮ್ಮೆನ್ನುತ್ತದೆ, ಬಿಪಿ ಪಟ್ಟಿ ಬಿಗಿದರೆ ಕೈಬೆರಳು ಸೆಟೆದುಕೊಳ್ಳುತ್ತದೆ. ಹೊರಗೆ ಕ್ಯಾಲ್ಸಿಯಂ ಕಡಿಮೆಯಾದರೆ ನರದ ಸೋಡಿಯಂ ಬಾಗಿಲುಗಳು ಸಲೀಸಾಗಿ ತೆರೆದುಕೊಂಡು ನರ ತನ್ನಷ್ಟಕ್ಕೇ ಸಿಡಿಯತೊಡಗುವುದು ಇದಕ್ಕೆ ಕಾರಣ. ಹಸು ಈ ಘಟ್ಟವನ್ನು ಬೇಗ ದಾಟಿ ಲಕ್ವಕ್ಕೆ ಹೋಗುತ್ತದೆ. ಒಂದೇ ಅಯಾನು, ಎರಡು ಜಾಗ, ಎರಡು ಫಲ.

ಒಳಗಿನ ಬಾಗಿಲು ಕೆಟ್ಟರೆ ಆಗುವ ಅನಾಹುತಕ್ಕೆ ಮೆಲ್ಬರ್ನಿನ ಪ್ರಕರಣಕ್ಕಿಂತ ಒಳ್ಳೆಯ ಉದಾಹರಣೆಯಿಲ್ಲ. ಕಾಲು ಮುರಿದುಕೊಂಡು ಬಂದ 21ರ ಯುವಕನಿಗೆ ಮೂಳೆಗಿಂತ ಅರಿವಳಿಕೆಯದೇ ಭಯ. ಈಥರ್ ಕೊಟ್ಟಾಗ ನಮ್ಮ ಮನೆತನದ ಹತ್ತು ಜನ ಸತ್ತಿದ್ದಾರೆ ಎಂದ. ವೈದ್ಯರು ಈಥರ್ ಬಿಟ್ಟು ಹೊಸ ಹ್ಯಾಲೊಥೇನ್ ಕೊಟ್ಟರು. ಸ್ವಲ್ಪ ಹೊತ್ತಿನಲ್ಲೇ ಅವನ ಮೈ ಕಾದು, ಬಿಪಿ ಕುಸಿಯಿತು; ಅನಿಲ ನಿಲ್ಲಿಸಿ, ಮಂಜುಗಡ್ಡೆ ಇಟ್ಟು ಉಳಿಸಿಕೊಂಡರು. ಮೈಕೆಲ್ ಡೆನ್‌ಬರೊ ಮತ್ತು ಲೊವೆಲ್ 1960ರಲ್ಲಿ ಲ್ಯಾನ್ಸೆಟ್‌ನಲ್ಲಿ ಇದನ್ನು ವರದಿ ಮಾಡಿದರು. ಇದು ಮ್ಯಾಲಿಗ್ನೆಂಟ್ ಹೈಪರ್‌ಥರ್ಮಿಯಾ. ಸ್ನಾಯುವಿನ ಒಳಚೀಲದ ಬಾಗಿಲಾದ ರಯನೊಡಿನ್ ಗ್ರಾಹಕದಲ್ಲಿ ಹುಟ್ಟು ದೋಷವಿರುತ್ತದೆ. ದಿನನಿತ್ಯ ಅದರಿಂದ ಬಹುತೇಕ ಯಾರಿಗೂ ತೊಂದರೆಯಿಲ್ಲ. ಕೆಲವು ಅರಿವಳಿಕೆ ಅನಿಲ ಅಥವಾ ಸಕ್ಸಿನೈಲ್‌ಕೋಲಿನ್ ತಾಗಿದಾಗ ಬಾಗಿಲು ತೆರೆದೇ ಉಳಿಯುತ್ತದೆ. ಸ್ನಾಯು ಮರಗಟ್ಟುತ್ತದೆ, ಪಂಪುಗಳು ಎಟಿಪಿ ಸುಟ್ಟು ಸುಟ್ಟು ಮೈ ಕಾಯುತ್ತದೆ. ಇದೇ ದೋಷ ಹಂದಿಗಳಲ್ಲೂ ಇತ್ತು. ದಕ್ಷಿಣ ಆಫ್ರಿಕದಲ್ಲಿ 1975ರಲ್ಲಿ ಹಂದಿಗಳ ಮೇಲೆ ಡ್ಯಾಂಟ್ರೊಲೀನ್ ಪ್ರಯೋಗಿಸಿದಾಗ ಸಾಯುತ್ತಿದ್ದವು ಉಳಿದವು. ಹತ್ತರಲ್ಲಿ ಏಳೆಂಟು ಜನರನ್ನು ಕೊಲ್ಲುತ್ತಿದ್ದ ಸ್ಥಿತಿ, ಆ ಔಷಧ ಕೈಯಳತೆಯಲ್ಲಿರುವ ಕಡೆ ಹತ್ತರಲ್ಲಿ ಒಬ್ಬರಿಗಿಂತಲೂ ಕಡಿಮೆಗೆ ಇಳಿಯಿತು. ಕೆಟ್ಟದ್ದು ಯಾವ ಬಾಗಿಲು ಎಂದು ಗೊತ್ತು, ಅದನ್ನೇ ಮುಚ್ಚುವ ಮದ್ದೂ ಗೊತ್ತು. ಕ್ಯಾಲ್ಸಿಯಂ ವೈದ್ಯದ ಗೆಲುವೆಲ್ಲ ಇಂಥ ಕಡೆಯೇ.

ಹೃದಯದಲ್ಲೂ ಇದೇ ಬಾಗಿಲಿನ ಇನ್ನೊಂದು ರೂಪವಿದೆ. ಪ್ರತಿ ಬಡಿತಕ್ಕೂ ಹೊರಗಿನಿಂದ ಬಂದ ಚೂರು ಕ್ಯಾಲ್ಸಿಯಂ ಒಳಚೀಲದ ಬಾಗಿಲು ತೆರೆಸುತ್ತದೆ, ಅಲ್ಲಿಂದ ಬಂದದ್ದು ಹೃದಯವನ್ನು ಹಿಂಡುತ್ತದೆ. 1993ರಲ್ಲಿ ಸೂಕ್ಷ್ಮದರ್ಶಕದಲ್ಲಿ ಕಂಡ ಕ್ಯಾಲ್ಸಿಯಂ ಕಿಡಿಗಳು ಈ ಬಾಗಿಲುಗಳ ಪುಟ್ಟ ಗುಂಪುಗಳು ತೆರೆದು ಮುಚ್ಚುವುದರ ಗುರುತು. ಬಾಗಿಲು ಸೋರತೊಡಗಿದರೆ ಬಡಿತದ ನಡುವೆಯೇ ಕಿಡಿ ಹೊತ್ತಿ ತಾಳ ತಪ್ಪುತ್ತದೆ. ಕೆಲವು ಮಕ್ಕಳು ಓಟದಲ್ಲೋ ಈಜಿನಲ್ಲೋ ಹಠಾತ್ತಾಗಿ ಪ್ರಜ್ಞೆ ತಪ್ಪಿ ಬೀಳುವುದಕ್ಕೆ ಬಾಗಿಲು ಹೀಗೆ ಸೋರುವ ವಂಶಪಾರಂಪರ್ಯ ದೋಷ ಒಂದು ಕಾರಣ. ಸುಮ್ಮನೆ ಮಲಗಿಸಿ ತೆಗೆದ ಇಸಿಜಿ ಸರಿಯಾಗಿಯೇ ಇರುತ್ತದೆ, ಆದ್ದರಿಂದ ‘ಬಿಸಿಲಿಗೆ ತಲೆ ತಿರುಗಿರಬೇಕು’ ಎಂದು ಮನೆಗೆ ಕಳಿಸುವುದೂ ಉಂಟು. ಬೀಟಾ ಬ್ಲಾಕರ್ ಮಾತ್ರೆಯಿಂದ ಇವರಲ್ಲಿ ಬಹಳ ಮಂದಿಯನ್ನು ಕಾಪಾಡಬಹುದು.

ನಮ್ಮ ಬೇಲಿಯ ಕಣಗಿಲೆ ಬೇರೊಂದು ಬಾಗಿಲಿನಿಂದ ಬಂದು ಇಲ್ಲಿಗೇ ಮುಟ್ಟುತ್ತದೆ. ಅದರ ವಿಷ ಸೋಡಿಯಂ ಪಂಪನ್ನು ಕಟ್ಟಿಹಾಕುತ್ತದೆ. ಕೋಶದೊಳಗೆ ಸೋಡಿಯಂ ತುಂಬಿಕೊಂಡರೆ, ಅದನ್ನು ಒಳಬಿಟ್ಟು ಕ್ಯಾಲ್ಸಿಯಂ ಹೊರಹಾಕುವ ವಿನಿಮಯ ನಿಂತುಹೋಗುತ್ತದೆ. ಹೃದಯದಲ್ಲಿ ಕ್ಯಾಲ್ಸಿಯಂ ಕೂಡಿ ತಾಳ ಕೆಡುತ್ತದೆ. 1785ರಲ್ಲಿ ವಿಲಿಯಂ ವಿದರಿಂಗ್ ಪುಸ್ತಕ ಬರೆದ ಡಿಜಿಟಾಲಿಸ್ ಗಿಡದ ಕೆಲಸವೂ ಇದೇ. ಅಳತೆಯಲ್ಲಿ ಕೊಟ್ಟರೆ ಸೋತ ಹೃದಯಕ್ಕೆ ಬಲ, ಅಳತೆ ಮೀರಿದರೆ ಮರಣ. ಹಳದಿ ಕಣಗಿಲೆ ಸೇವಿಸಿದವರಿಗೆ ಡಿಜಾಕ್ಸಿನ್ ವಿರುದ್ಧದ ಪ್ರತಿಕಾಯ ಕೆಲಸ ಮಾಡುತ್ತದೆಂದು ಶ್ರೀಲಂಕಾದ ಪ್ರಯೋಗ 2000ದಲ್ಲಿ ತೋರಿಸಿತು.

ಸೋತ ಹೃದಯಕ್ಕೆ ಕ್ಯಾಲ್ಸಿಯಂ ಹೆಚ್ಚಿಸಿದರೆ ಬಲ ಬರುವುದಾದರೆ ಧಾರಾಳವಾಗಿ ಹೆಚ್ಚಿಸೋಣ ಎಂದು ಹೊರಟವರು ಪೆಟ್ಟು ತಿಂದರು. ಮಿಲ್ರಿನೋನ್ ಮಾತ್ರೆ ಹೃದಯವನ್ನು ಜೋರಾಗಿ ಹಿಂಡಿಸಿತು. 1991ರ ದೊಡ್ಡ ಪ್ರಯೋಗದಲ್ಲಿ ಅದನ್ನು ನುಂಗಿದವರೇ ಹೆಚ್ಚು ಸತ್ತರು. ಸರ್ಕಾ ಪಂಪಿನ ಜೀನನ್ನು ವೈರಸ್ ಮೂಲಕ ಹೃದಯಕ್ಕೆ ಕಳಿಸುವ ಚಿಕಿತ್ಸೆ ಪ್ರಯೋಗಾಲಯದಲ್ಲಿ ಗೆದ್ದು, 250 ರೋಗಿಗಳ ಪ್ರಯೋಗದಲ್ಲಿ ಸೋತಿತು. ಒಟ್ಟು ಪ್ರಮಾಣವನ್ನು ಏರಿಸುವುದು, ತಾಳವನ್ನು ಸರಿಪಡಿಸುವುದು, ಇವೆರಡೂ ಒಂದೇ ಅಲ್ಲ.

ಮಿದುಳಿನ ಕಥೆ ಇನ್ನೂ ಬೇಸರದ್ದು. ಪಾರ್ಶ್ವವಾಯುವಿನಲ್ಲಿ ರಕ್ತ ನಿಂತ ನರಕೋಶಗಳು ಗ್ಲುಟಮೇಟ್ ಚೆಲ್ಲುತ್ತವೆ, ಅದು ಎನ್‌ಎಂಡಿಎ ಬಾಗಿಲು ತೆರೆದು ಪಕ್ಕದ ಕೋಶಗಳಿಗೆ ಕ್ಯಾಲ್ಸಿಯಂ ನುಗ್ಗಿಸಿ ಕೊಲ್ಲುತ್ತದೆ. ಇಲಿಗಳಲ್ಲಿ ಈ ಬಾಗಿಲು ಮುಚ್ಚಿದರೆ ಮಿದುಳು ಉಳಿಯಿತು. 1990ರ ದಶಕದಲ್ಲಿ ಮನುಷ್ಯರಲ್ಲಿ ಒಂದರ ಮೇಲೊಂದು ಔಷಧ ವಿಫಲವಾಯಿತು. ರೋಗಿ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಕ್ಯಾಲ್ಸಿಯಂ ತನ್ನ ಕೆಲಸ ಮುಗಿಸಿರುತ್ತದೆ ಎಂಬುದೊಂದು ಕಾರಣ. ಉಳಿದ ನರಕೋಶಗಳು ಬದುಕುವುದಕ್ಕೂ ಅದೇ ಬಾಗಿಲು ಬೇಕು ಎಂಬುದು ಇನ್ನೊಂದು. ಪಾರ್ಕಿನ್ಸನ್ ಕಾಯಿಲೆಯಲ್ಲಿ ಸಾಯುವ ಡೋಪಮಿನ್ ಕೋಶಗಳು ಎಡೆಬಿಡದೆ ಕ್ಯಾಲ್ಸಿಯಂ ಒಳಬಿಟ್ಟುಕೊಳ್ಳುತ್ತವೆಂಬುದು ಸೊಗಸಾದ ಸಂಶೋಧನೆ. ಅದನ್ನು ನಂಬಿ ಇಸ್ರಾಡಿಪಿನ್ ಎಂಬ ಬಿಪಿ ಮಾತ್ರೆಯನ್ನು 336 ಜನರಲ್ಲಿ ಮೂರು ವರ್ಷ ಹುಸಿಮಾತ್ರೆಯೊಂದಿಗೆ ಹೋಲಿಸಿದ ಪ್ರಯೋಗದ ಫಲಿತಾಂಶ 2020ರಲ್ಲಿ ಅಚ್ಚಾಯಿತು: ಹುಸಿಮಾತ್ರೆಗಿಂತ ಏನೂ ಮೇಲಲ್ಲ. ಅಲ್ಝೈಮರ್‌ನಲ್ಲೂ ಕ್ಯಾಲ್ಸಿಯಂ ಅಸ್ತವ್ಯಸ್ತವಾಗುವುದು ನಿಜ, ಅದು ಕಾರಣವೋ ಪರಿಣಾಮವೋ ಎಂಬ ಜಗಳ ನಲವತ್ತು ವರ್ಷವಾದರೂ ಮುಗಿದಿಲ್ಲ. ಸಂಶೋಧನಾ ಲೇಖನಗಳ ಕೊನೆಯಲ್ಲಿ ಬರುವ ‘ಹೊಸ ಚಿಕಿತ್ಸೆಗೆ ದಾರಿ’ ಎಂಬ ಸಾಲನ್ನು ನಾನು ಈಗ ಉಪ್ಪು ಹಾಕದ ಸಾರಿನಂತೆ ಬದಿಗೆ ಸರಿಸುತ್ತೇನೆ.

ಹಾಗಾದರೆ ಆಮ್ಲೋಡಿಪಿನ್ ಯಾಕೆ ಗೆದ್ದಿತು? ಅದರ ವಂಶದ ಮೂಲಪುರುಷ ಫ್ರೈಬರ್ಗಿನ ಆಲ್ಬ್ರೆಖ್ಟ್ ಫ್ಲೆಕೆನ್‌ಸ್ಟೈನ್. ವೆರಪಮಿಲ್ ಕೊಟ್ಟ ಹೃದಯ, ಕ್ಯಾಲ್ಸಿಯಂ ಇಲ್ಲದ ದ್ರಾವಣದಲ್ಲಿಟ್ಟ ಹೃದಯದಂತೆಯೇ ವರ್ತಿಸುತ್ತದೆಂದು ಅವರು 1960ರ ದಶಕದಲ್ಲಿ ಗಮನಿಸಿದರು. ನಿಫೆಡಿಪಿನ್, ಆಮ್ಲೋಡಿಪಿನ್ ಆಮೇಲೆ ಬಂದವು. ಇವು ಮುಚ್ಚುವ ಎಲ್-ಬಗೆಯ ಬಾಗಿಲು ರಕ್ತನಾಳದ ಗೋಡೆಯಲ್ಲೂ ಇದೆ, ಹೃದಯದಲ್ಲೂ ಇದೆ. ಆದರೆ ಈ ಗುಂಪಿನ ಮಾತ್ರೆಗಳು ನಾಳದ ಬಾಗಿಲಿಗೇ ಹೆಚ್ಚು ಅಂಟುತ್ತವೆ, ಅದೂ ಪೂರಾ ಅಲ್ಲ, ತುಸು. ನಾಳ ಸಡಿಲಾಗುತ್ತದೆ, ಒತ್ತಡ ಇಳಿಯುತ್ತದೆ. ಕೆಲವರಿಗೆ ಪಾದ ಊದುವುದೂ ಅದೇ ಸಡಿಲದಿಂದ. ಕೈಕಾಲಿನ ಸ್ನಾಯು ಹೊರಗಿನ ಕ್ಯಾಲ್ಸಿಯಮ್ಮಿಗೆ ಕಾಯುವುದಿಲ್ಲ, ಹಾಗಾಗಿ ನಡಿಗೆಗೆ ಬಾಧೆಯಿಲ್ಲ. ಮೂಳೆಯ ಜಮಾಖಾತೆಗಂತೂ ಈ ಬಾಗಿಲಿನ ಸಂಬಂಧವೇ ಇಲ್ಲ.

ಗೆಲುವಿಗೆ ಬೆಲೆ ತೆರಬೇಕಾದದ್ದೂ ಉಂಟು. ಟಿ-ಕೋಶಗಳಲ್ಲಿ ಕ್ಯಾಲ್ಸಿಯಂ ಚಾಲೂ ಮಾಡುವ ಕ್ಯಾಲ್ಸಿನ್ಯೂರಿನ್ ಕಿಣ್ವವನ್ನು ಸೈಕ್ಲೊಸ್ಪೊರಿನ್ ಮತ್ತು ಟಾಕ್ರೊಲಿಮಸ್ ತಡೆಯುತ್ತವೆ ಎಂದು 1991ರಲ್ಲಿ ತಿಳಿಯಿತು. ಮೂತ್ರಪಿಂಡ ಕಸಿ ಮಾಡಿಸಿಕೊಂಡವರನ್ನು ಉಳಿಸಿದ್ದು ಈ ತಡೆ. ಆದರೆ ಕ್ಯಾಲ್ಸಿನ್ಯೂರಿನ್ ಟಿ-ಕೋಶದ ಸ್ವಂತ ಆಸ್ತಿಯಲ್ಲ. ಅದೇ ಮಾತ್ರೆ ಕಾಲಕ್ರಮದಲ್ಲಿ ಕಸಿ ಮಾಡಿದ ಮೂತ್ರಪಿಂಡವನ್ನೇ ಹಾಳು ಮಾಡಬಲ್ಲದು. ಅದಕ್ಕೇ ಆಗಾಗ ರಕ್ತದ ಮಟ್ಟ ನೋಡಿ ಅಳತೆ ಬದಲಿಸುವುದು. ಸಣ್ಣ ಬಾಗಿಲಿಗೆ ಸಣ್ಣ ಕೀಲಿ ಸಿಕ್ಕ ಇನ್ನೊಂದೆರಡು ನಿದರ್ಶನಗಳೂ ಇವೆ: ನರದ ನೋವಿಗೆ ಕೊಡುವ ಪ್ರಿಗ್ಯಾಬಲಿನ್ ಕ್ಯಾಲ್ಸಿಯಂ ಬಾಗಿಲಿನ ಒಂದು ಪಕ್ಕದ ತುಂಡಿಗೆ ಅಂಟುತ್ತದೆ, ಸಮುದ್ರದ ಶಂಖದ ಹುಳುವಿನ ವಿಷದಿಂದ ಬಂದ ಜಿಕೊನೊಟೈಡ್ ಬೆನ್ನುಹುರಿಯ ಎನ್-ಬಗೆಯ ಬಾಗಿಲನ್ನು ಮಾತ್ರ ಮುಚ್ಚುತ್ತದೆ. ಮದ್ಯದಿಂದ ಬರುವ ಮೇದೋಜೀರಕದ ಉರಿಯೂತದಲ್ಲಿ ಕ್ಯಾಲ್ಸಿಯಂ ಇಳಿಯದೆ ನಿಂತು, ಕರುಳಿನಲ್ಲಿ ಏಳಬೇಕಾದ ಟ್ರಿಪ್ಸಿನ್ ಗ್ರಂಥಿಯೊಳಗೇ ಎದ್ದು ತನ್ನ ಮನೆಯನ್ನೇ ಜೀರ್ಣಿಸುತ್ತದೆ. ಅಲ್ಲಿ ಒರಾಯ್ ಬಾಗಿಲು ಮುಚ್ಚುವ ಔಷಧದ ಪರೀಕ್ಷೆ ಮನುಷ್ಯರಲ್ಲಿ ನಡೆದಿದೆ. ನನಗೆ ಭರವಸೆಯಿರುವುದು ಇಂಥವುಗಳ ಮೇಲೆ, ‘ಕ್ಯಾಲ್ಸಿಯಂ ಹೆಚ್ಚಾಗಿದೆ, ತಡೆಯೋಣ’ ಎಂಬ ಸಗಟು ವ್ಯಾಪಾರದ ಮೇಲಲ್ಲ.

ವಂಶದ ದೋಷಗಳಲ್ಲಿ ಬಾಗಿಲು ಯಾವುದೆಂದು ಗೊತ್ತಿದೆ, ಮದ್ದೂ ಇದೆ. ಆದರೆ ಪತ್ತೆಗೆ ಜೀನ್ ಪರೀಕ್ಷೆ ಎಲ್ಲರಿಗೂ ಎಟುಕುವುದಿಲ್ಲ. ಮೆಲ್ಬರ್ನಿನ ಯುವಕನ ಜೀವ ಉಳಿಯುವುದಕ್ಕೆ ನೆರವಾದದ್ದು ಅವನೇ ಬಾಯಿ ಬಿಟ್ಟು ಹೇಳಿದ ಮನೆತನದ ಸುದ್ದಿ. ನಿಮ್ಮ ಬಳಗದಲ್ಲಿ ಅರಿವಳಿಕೆ ಕೊಟ್ಟ ಹೊತ್ತಿನಲ್ಲಿ ಮೈ ಕಾದು ಅಥವಾ ಮರಗಟ್ಟಿ ತೀರಿಕೊಂಡವರಿದ್ದರೆ, ಆಡುವಾಗ ಕುಸಿದು ಬಿದ್ದ ಮಕ್ಕಳಿದ್ದರೆ, ವೈದ್ಯರು ಕೇಳುವ ತನಕ ಕಾಯಬೇಡಿ. ಆಪರೇಷನ್ನಿಗೆ ಮೊದಲು ಅರಿವಳಿಕೆ ತಜ್ಞರಿಗೆ, ಮಗುವಿನ ವಿಷಯವಾದರೆ ಹೃದ್ರೋಗ ತಜ್ಞರಿಗೆ, ನೀವಾಗಿಯೇ ಹೇಳಿ.